ಬಲಗೈ ಹೊರಗಿರಲಿ

ಜಠರದಲ್ಲಿ ಕ್ಯಾನ್ಸರ್ ಇದೆ ಎಂದು ಸರ್ಜನ್ ಹೇಳಿದಾಗ ನಾನು ಅಳಲಿಲ್ಲ. ಆರು ತಿಂಗಳಿಂದ ಅಸಿಡಿಟಿ, ಅಸಿಡಿಟಿ ಎಂದು ಮಾತ್ರೆ ಚೀಪಿ ಚೀಪಿ ಸಾಕಾಗಿತ್ತು. ಬ್ಲೌಸ್‌ಗಳೆಲ್ಲ ಸಡಿಲವಾಗಿದ್ದವು. ಏನೋ ಕೆಟ್ಟದ್ದೇ ಒಳಗೆ ಕೂತಿದೆ ಎಂದು ನನಗೆ ಮೊದಲೇ ಅನುಮಾನವಿತ್ತು. ಆದರೆ ಜಠರದ ಮೂರರಲ್ಲಿ ಎರಡು ಪಾಲು ತೆಗೆಯಬೇಕು, ಆಪರೇಷನ್ ಮೂರು ನಾಲ್ಕು ತಾಸು ಹಿಡಿಯುತ್ತದೆ ಎಂದಾಗ ಮಾತ್ರ ಕೈಕಾಲು ತಣ್ಣಗಾದವು.

"ಪೂರ್ತಿ ನಿದ್ದೆ ಬರಿಸ್ತೀರಾ?" ಎಂದು ಕೇಳಿದೆ.

"ಬರಿಸ್ದೆ ಕೊಯ್ಯೋಕಾಗುತ್ತಾ ಅಮ್ಮ?" ಎಂದು ಸರ್ಜನ್ ನಕ್ಕರು.

ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ ಅಷ್ಟೇ ಸಾಕಾಯಿತು. "ಹುಷಾರು ಸಾರ್! ನಮ್ಮೋಳು ಹೋದ ಸಲ ಕಣ್ಮುಚ್ಕೊಂಡೇ ಇಡೀ ಆಪರೇಷನ್ ಸೂಪರ್‌ವೈಸ್ ಮಾಡಿದ್ಳು" ಎಂದರು. ಇಬ್ಬರೂ ಸೇರಿ ನಕ್ಕರು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿರುವುದು. ಇಬ್ಬರ ತಲೆಗೂ ಒಂದೊಂದು ಮೊಟಕಿಬಿಡೋಣ ಎನ್ನಿಸಿತು.

ಆ ಜೋಕಿಗೆ ಇಪ್ಪತ್ತಾರು ವರ್ಷ ವಯಸ್ಸು. ಆಗ ನನಗೆ ಮೂವತ್ತೊಂದು. ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದು ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಎಡಗೈಗೆ ಸೂಜಿ ಚುಚ್ಚಿ, ಅಂಕಿ ಎಣಿಸು ಎಂದರು. ಎಣಿಸುತ್ತಾ ನಿದ್ದೆ ಹೋದೆ. ಎಚ್ಚರವಾದಾಗ ಎಲ್ಲ ಮುಗಿಯಿತು, ಅಬ್ಬ, ಎಂದುಕೊಂಡೆ. ಎಲ್ಲಿ ಮುಗಿದಿತ್ತು? ಆಗಷ್ಟೇ ಶುರುವಾಗಿತ್ತು. ಕಣ್ಣು ತೆರೆಯಲು ಹೋದೆ, ರೆಪ್ಪೆ ಏಳಲಿಲ್ಲ. ಕೂಗಲು ಹೋದೆ, ಗಂಟಲಲ್ಲಿ ಕೊಳವೆ. ಒಂದು ಬೆರಳು, ಒಂದೇ ಒಂದು ಬೆರಳು ಅಲ್ಲಾಡಿದರೆ ಇವರಿಗೆ ಗೊತ್ತಾಗುತ್ತದೆ ಎಂದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ. ಬೆರಳು ಯಾರದೋ ಬೆರಳಿನ ಹಾಗೆ ಬಿದ್ದಿತ್ತು. ಡಾಕ್ಟರು ಸ್ಕೂಟರಿನ ಮೈಲೇಜ್ ಬಗ್ಗೆ ಮಾತಾಡುತ್ತಿದ್ದರು. ನನ್ನ ಹೊಟ್ಟೆ ಕೊಯ್ಯುತ್ತಾ ಸ್ಕೂಟರಿನ ಮೈಲೇಜ್! ಉಳಿದದ್ದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮಾರನೆಯ ದಿನ ಎಡಗೈ ಮೊಣಕೈ ತನಕ ಊದಿಕೊಂಡಿತ್ತು. "ಸೂಜಿ ನರದಿಂದ ಒಂಚೂರು ಜಾರಿತ್ತು, ಎರಡು ದಿನಕ್ಕೆ ಇಳಿಯುತ್ತೆ" ಎಂದಳು ನರ್ಸ್. ನನಗೆ ಎಚ್ಚರವಿತ್ತು ಎಂದು ಡಾಕ್ಟರಿಗೆ ಹೇಳಿದೆ. ಕನಸು ಎಂದರು. ನಮ್ಮತ್ತೆ ನಿತ್ರಾಣದಿಂದ ಹಾಗನ್ನಿಸುತ್ತದೆ ಎಂದರು. ಯಜಮಾನರು ನಕ್ಕರು. ಆಮೇಲೆ ಆ ನಗುವಿಗೆ ಉಪ್ಪು ಖಾರ ಹಚ್ಚಿ ನೆಂಟರಿಷ್ಟರ ಮುಂದೆಲ್ಲ ಹೇಳಿದರು. ಯಾರದೇ ಮದುವೆಗೆ ಹೋಗಲಿ, ಊಟದ ಸಾಲಿನಲ್ಲಿ ಒಬ್ಬರಾದರೂ "ಏನಮ್ಮಾ ಸೂಪರ್‌ವೈಸರ್" ಎನ್ನುತ್ತಿದ್ದರು. ಮೊದಮೊದಲು ಜಗಳವಾಡಿದೆ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡೆ. ಯಜಮಾನರು ಕೆಟ್ಟವರಲ್ಲ. ಮೂವತ್ತು ವರ್ಷ ಬಸ್ ಓಡಿಸಿದರೂ ಒಂದು ಕೋಳಿಮರಿಯ ಮೇಲೂ ಚಕ್ರ ಹತ್ತಿಸಿದವರಲ್ಲ. ಆದರೆ ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಆದ ಸಿಟ್ಟು ಯಾವತ್ತೂ ಆರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ನಾನು ಆಪರೇಷನ್ ಮಾಡಿಸ್ಕೊಳ್ಳಲ್ಲ."

"ತಲೆ ಕೆಟ್ಟಿದೆಯಾ ನಿನಗೆ?" ಎಂದರು ಯಜಮಾನರು.

"ಇನ್ನೊಂದ್ಸಲ ಹಾಗೆ ಹೆಣದ ಥರ ಬಿದ್ಕೊಂಡು ಎಲ್ಲಾ ಅನುಭವಿಸೋ ಬದಲು ಹೀಗೇ ಹೋಗ್ತೀನಿ."

ಮಗಳು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಅವಳದು ತಾಳ್ಮೆಯ ಸ್ವಭಾವ, ನನ್ನಿಂದ ಬಂದದ್ದಲ್ಲ. "ಅಮ್ಮ, ನಿದ್ದೆ ಬರಿಸೋಕೆ ಎರಡು ದಾರಿ ಇದೆ. ಮೂಗಿಂದ ಎಳ್ಕೊಳ್ಳೋ ಗ್ಯಾಸ್ ಒಂದು, ನರಕ್ಕೆ ಕೊಡೋ ಇಂಜೆಕ್ಷನ್ ಇನ್ನೊಂದು. ಕ್ಯಾನ್ಸರ್ ಇರೋರಿಗೆ ಇಂಜೆಕ್ಷನ್ನೇ ವಾಸಿ ಅಂತ ಎಲ್ಲೋ ಓದಿದ್ದೆ" ಎಂದಳು.

"ಸೂಜಿ ಅಂತ ಇನ್ನೊಂದ್ಸಲ ಬಾಯಿಬಿಟ್ರೆ ನೋಡು! ತಲೆ ಮೇಲೆ ತಲೆ ಬಿದ್ರೂ ಸೂಜಿ ಬೇಡ. ಕೊಡೋದಾದ್ರೆ ಗ್ಯಾಸ್ ಕೊಡ್ಲಿ."

"ಅದನ್ನೇ ಅರಿವಳಿಕೆ ಡಾಕ್ಟ್ರ ಹತ್ರ ಕೇಳೋಣ. ಕೇಳೋಕೇನು ಕಷ್ಟ? ಕೇಳಿದ ಮೇಲೂ ಬೇಡ ಅಂದ್ರೆ ನಾನೇ ಸರ್ಜನ್‌ಗೆ ಫೋನ್ ಮಾಡಿ ಬೇಡ ಅಂತೀನಿ."

ಹಾಗೆ ಗುರುವಾರ ಬೆಳಿಗ್ಗೆ ನಾವು ಮೂವರೂ ಅರಿವಳಿಕೆ ವೈದ್ಯೆಯ ಕೋಣೆಯಲ್ಲಿ ಕೂತಿದ್ದೆವು. ಸಣ್ಣ ಕೋಣೆ, ಒಂದು ಮೇಜು, ತೂಕದ ಯಂತ್ರ, ಗೋಡೆಗೆ ಒರಗಿಸಿದ ಮಡಚುವ ಕುರ್ಚಿ. ಡಾಕ್ಟರಮ್ಮನಿಗೆ ನಲವತ್ತರ ಆಸುಪಾಸು, ಕುಳ್ಳಗೆ, ಕೂದಲು ಮೋಟು. ನನ್ನ ಬಾಯಿ ತೆಗೆಸಿ ನೋಡಿದರು, ಕತ್ತು ಬಗ್ಗಿಸಿ ನೋಡಿದರು. ಫಾರಮ್ಮಿನಲ್ಲಿ ಒಂದೊಂದೇ ಪ್ರಶ್ನೆಗೆ ಗುರುತು ಹಾಕುತ್ತಾ, "ಹಿಂದೆ ಯಾವತ್ತಾದ್ರೂ ಅರಿವಳಿಕೆಯಿಂದ ತೊಂದ್ರೆ ಆಗಿದೆಯಾ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಶುರು ಮಾಡಿದರು. "ಅಯ್ಯೋ ಮೇಡಂ, ಅದೊಂದು ದೊಡ್ಡ ಕತೆ. ನಮ್ಮೋಳು ಆಪರೇಷನ್ ಟೇಬಲ್ ಮೇಲೆ ಮಲಗಿಕೊಂಡೇ ಸೂಪರ್‌ವೈಸರ್ ಕೆಲಸ..."

"ರೀ! ಮುಚ್ಕೊಂಡು ಕೂತ್ಕೊಳ್ಳಿ ಸುಮ್ಮನೆ" ಎಂದು ಗದರಿದೆ. ಹೊರಗಿನ ಬೆಂಚಿನವರೂ ತಿರುಗಿ ನೋಡಿದರು.

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೀವು ಹೇಳಿ."

ಹೇಳಿದೆ. ಅವರು ನಡುವೆ ಸಣ್ಣಸಣ್ಣ ಪ್ರಶ್ನೆ ಕೇಳಿದರು. ಸೂಜಿ ಯಾವ ಕೈಯಲ್ಲಿತ್ತು, ಆ ಕೈ ಬಟ್ಟೆಯ ಕೆಳಗಿತ್ತಾ, ಎಷ್ಟು ದಪ್ಪ ಊದಿತ್ತು, ಊತ ಎಷ್ಟು ದಿನಕ್ಕೆ ಇಳಿಯಿತು, ಏನೇನು ಮಾತು ಕೇಳಿಸಿತು. ಎಲ್ಲ ಮುಗಿದ ಮೇಲೆ ಅಂದರು. "ಅದು ಕನಸಲ್ಲ. ಸ್ನಾಯು ಸಡಿಲ ಮಾಡೋ ಮದ್ದು ಮೊದಲೇ ಒಳಗೆ ಹೋಗಿತ್ತು, ಅದಕ್ಕೇ ನಿಮಗೆ ಅಲ್ಲಾಡೋಕೆ ಆಗ್ಲಿಲ್ಲ. ಆಮೇಲೆ ಸೂಜಿ ಜಾರಿ, ನಿದ್ದೆ ಮದ್ದು ನರಕ್ಕೆ ಹೋಗದೆ ಚರ್ಮದ ಕೆಳಗೆ ಹೋಗಿದೆ. ಕೈ ಬಟ್ಟೆ ಕೆಳಗಿತ್ತು, ಯಾರೂ ನೋಡಿಲ್ಲ. ನಿಮಗೆ ನಿಜವಾಗ್ಲೂ ಎಚ್ಚರ ಇತ್ತು."

ಕ್ಯಾನ್ಸರ್ ಎಂದಾಗ ಬರದ ಅಳು ಆಗ ಬಂತು. ಮಾನ ಮರ್ಯಾದೆ ನೋಡದೆ ಅತ್ತೆ. ಮಗಳು ಬೆನ್ನು ಸವರಿದಳು. ಯಜಮಾನರು ತೂಕದ ಯಂತ್ರವನ್ನೇ ನೋಡುತ್ತಾ ಕೂತಿದ್ದರು. ಡಾಕ್ಟರು ನನ್ನನ್ನು ಸಮಾಧಾನಪಡಿಸಲು ಹಾಗಂದಿರಬೇಕು ಎಂದು ಅವರು ಅಂದುಕೊಂಡದ್ದು ಮುಖದಲ್ಲೇ ಕಾಣುತ್ತಿತ್ತು.

ನಾನು ಮೂಗು ಒರೆಸಿಕೊಂಡು ಕಡ್ಡಿ ಮುರಿದ ಹಾಗೆ ಹೇಳಿದೆ. "ನನಗೆ ಗ್ಯಾಸೇ ಕೊಡಿ."

"ಕೊಡಬಹುದು. ಗ್ಯಾಸಲ್ಲಿ ಒಂದು ಅನುಕೂಲ ಇದೆ. ನೀವು ಬಿಡೋ ಉಸಿರಲ್ಲಿ ಅದು ಎಷ್ಟಿದೆ ಅಂತ ಯಂತ್ರ ಕ್ಷಣಕ್ಷಣಕ್ಕೂ ತೋರಿಸುತ್ತೆ. ಇಂಜೆಕ್ಷನ್ನಿಗೆ ಹಾಗೆ ಅಳೆಯೋ ಯಂತ್ರ ಇಲ್ಲ. ಆದ್ರೆ ಗ್ಯಾಸ್ ಕೊಟ್ರೆ ಆಮೇಲೆ ವಾಂತಿ ಜಾಸ್ತಿ. ನಿಮಗೆ ಬಸ್ಸಲ್ಲಿ ವಾಂತಿ ಆಗುತ್ತಾ?"

"ಮೇಡಂ, ಇವಳು ಬಸ್ ಡ್ರೈವರ್ ಹೆಂಡತಿ" ಎಂದರು ಯಜಮಾನರು ತಡೆಯಲಾರದೆ. "ನನ್ನ ಬಸ್ಸಲ್ಲಿ ಒಂದು ಸಲಾನೂ ಕೊನೇ ಸ್ಟಾಪ್ ತನಕ ಬಂದವಳಲ್ಲ. ನಡುವೆ ಇಳಿಸಲೇಬೇಕಿತ್ತು."

ಈ ಸಲ ಡಾಕ್ಟರಮ್ಮನೂ ನಕ್ಕರು. "ಹಾಗಾದ್ರೆ ನಿಮಗೆ ವಾಂತಿ ಗ್ಯಾರಂಟಿ. ತಡೆಯೋಕೆ ಮದ್ದು ಕೊಡ್ತೀವಿ, ಆದ್ರೂ ಪೂರ್ತಿ ನಿಲ್ಲುತ್ತೆ ಅನ್ನೋಕಾಗಲ್ಲ. ಹೊಟ್ಟೆ ಮೇಲೆ ಅಷ್ಟುದ್ದ ಹೊಲಿಗೆ ಇಟ್ಕೊಂಡು ಎರಡು ದಿನ ಓಕರಿಸೋದು ಸಣ್ಣ ಕಷ್ಟ ಅಲ್ಲ. ಇಂಜೆಕ್ಷನ್ನಲ್ಲಿ ಅದು ಕಮ್ಮಿ."

ಮಗಳು ಕ್ಯಾನ್ಸರಿನ ವಿಷಯ ಕೇಳಿದಳು. ಡಾಕ್ಟರಮ್ಮ ತಲೆಯಾಡಿಸಿದರು. "ಇಂಜೆಕ್ಷನ್ ತಗೊಂಡೋರು ಹೆಚ್ಚು ದಿನ ಬದುಕ್ತಾರೆ ಅಂತ ಕೆಲವರು ಹಳೇ ದಾಖಲೆ ನೋಡಿ ಹೇಳ್ತಾರೆ. ಏನೂ ವ್ಯತ್ಯಾಸ ಇಲ್ಲ ಅಂತ ಇನ್ನು ಕೆಲವರು ಹೇಳ್ತಾರೆ. ಖಚಿತವಾಗಿ ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ನಾನು ಹೇಳಲ್ಲ. ಅದನ್ನ ನೆಚ್ಕೊಂಡು ಆರಿಸ್ಬೇಡಿ."

"ನಿಮ್ಮಮ್ಮನಿಗೆ ಆಗಿದ್ರೆ ಯಾವುದು ಕೊಡ್ತಿದ್ರಿ?" ಎಂದೆ.

"ನಮ್ಮಮ್ಮ ನನ್ನ ಮಾತು ಯಾವತ್ತು ಕೇಳಿದಾರೆ? ನಿಮ್ಮ ವಾಂತಿ ನೋಡಿದ್ರೆ ಇಂಜೆಕ್ಷನ್, ನಿಮ್ಮ ಭಯ ನೋಡಿದ್ರೆ ಗ್ಯಾಸ್. ಯಾವುದಾದ್ರೂ ಸರಿ, ನಾನು ಸರಿಯಾಗಿ ಕೊಡ್ತೀನಿ. ಸೋಮವಾರದ ತನಕ ಯೋಚನೆ ಮಾಡಿ."

ಮಾರನೆಯ ದಿನ ಕಾರ್ಖಾನೆಗೆ ಹೋದೆ. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗದ ಮುಖ್ಯಸ್ಥೆ. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಾರೆ, ಹಿಂದಿನಿಂದ 'ಕತ್ತರಿ' ಎನ್ನುತ್ತಾರೆ ಎಂದು ನನಗೆ ಗೊತ್ತು. ರಜೆ ಬರೆದುಕೊಟ್ಟು, ಬೀರುವಿನ ಬೀಗದ ಕೈ ಕೊಟ್ಟು ಬರುವುದಷ್ಟೇ ಕೆಲಸ. ಆದರೆ ಉದ್ದದ ಮೇಜಿನ ಮೇಲೆ ನೂರು ಪದರ ಅಂಗಿ ಬಟ್ಟೆ ಹಾಸಿದ್ದರು. ನೋಡದೆ ಬರಲು ಮನಸ್ಸಾಗಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬ್ಲೇಡಿನ ಸ್ವಿಚ್ ಹಾಕುವ ಮೊದಲು ಒಬ್ಬರು ಟೇಪು ಹಿಡಿದು ಅಳತೆಯನ್ನು ಗಟ್ಟಿಯಾಗಿ ಕೂಗಬೇಕು. ಮೇಜಿನ ಆ ತುದಿಯಲ್ಲಿರುವವರು ತಮ್ಮ ಟೇಪಿನಲ್ಲಿ ಅಳೆದು ಅದನ್ನೇ ವಾಪಸ್ ಕೂಗಬೇಕು. ನೋಡದೆ ಹೂಂ ಎಂದರೆ ನಾನು ಸುಮ್ಮನಿರುವವಳಲ್ಲ. ಒಮ್ಮೆ, ಎಲ್ಲರೂ ಇನ್ನೊಬ್ಬರು ನೋಡಿದ್ದಾರೆ ಎಂದುಕೊಂಡು, ಎಂಬತ್ತು ಪದರ ತೋಳು ಅರ್ಧ ಇಂಚು ಗಿಡ್ಡವಾದ ಮೇಲೆ ನಾನು ತಂದ ಪದ್ಧತಿ ಅದು. ಹೊಸದರಲ್ಲಿ ಇದೇನು ಮಗ್ಗಿ ಕ್ಲಾಸಾ ಎಂದು ಆಡಿಕೊಂಡರು. ಹನ್ನೊಂದು ವರ್ಷವಾಯಿತು, ಒಂದು ತೋಳೂ ಗಿಡ್ಡವಾಗಿಲ್ಲ.

"ಇಪ್ಪತ್ತನಾಲ್ಕೂ ಕಾಲು!" ಎಂದು ಈ ತುದಿಯ ಹುಡುಗಿ ಕೂಗಿದಳು. "ಇಪ್ಪತ್ತನಾಲ್ಕೂ ಕಾಲು, ನೋಡಿದೆ!" ಎಂದು ಆ ತುದಿಯಿಂದ ಬಂತು. ಬ್ಲೇಡು ಗುಂಯ್ ಎಂದಿತು.

ನಾನು ಅಲ್ಲೇ ನಿಂತೆ. ಇಪ್ಪತ್ತಾರು ವರ್ಷ ಸೂಜಿಯನ್ನು ಬೈದುಕೊಂಡು ಬಂದಿದ್ದೆನಲ್ಲ, ಸೂಜಿಯದೇನು ತಪ್ಪು? ಬ್ಲೇಡಿನ ಹಾಗೆ ಅದೂ ಒಂದು ಸಾಮಾನು. ನೋಡಬೇಕಾದವರು ನೋಡಿರಲಿಲ್ಲ. ಹಾಗೆಂದು ಭಯವೇನೂ ಹೋಗಲಿಲ್ಲ. ಆದರೆ ಭಯಕ್ಕೆ ಹೆದರಿ ಎರಡು ದಿನ ಓಕರಿಸುತ್ತಾ ಬಿದ್ದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಕೆಲಸ ಹೇಗೆ ಮಾಡಬೇಕು ಎಂದು ನಾನೇ ಹೇಳುತ್ತೇನೆ ಎಂದು ಹಲ್ಲು ಕಚ್ಚಿ ತೀರ್ಮಾನ ಮಾಡಿದೆ.

ಸೋಮವಾರ ಮಗಳೊಬ್ಬಳನ್ನೇ ಕರೆದುಕೊಂಡು ಹೋದೆ.

"ಇಂಜೆಕ್ಷನ್ನೇ ಇರಲಿ ಡಾಕ್ಟರಮ್ಮ. ಆದ್ರೆ ನನ್ನದೊಂದಿಷ್ಟು ಷರತ್ತು. ಸೂಜಿ ಇರೋ ಕೈ ಮೇಲೆ ಬಟ್ಟೆ ಹೊದಿಸ್ಬಾರ್ದು. ಹತ್ತು ನಿಮಿಷಕ್ಕೊಂದ್ಸಲ ಒಬ್ರು ಕೈ ಹೇಗಿದೆ ಅಂತ ಕೂಗ್ಬೇಕು. ಇನ್ನೊಬ್ರು ಕಣ್ಣಾರೆ ನೋಡಿ, ಮುಟ್ಟಿ, ವಾಪಸ್ ಕೂಗ್ಬೇಕು." ಕಾರ್ಖಾನೆಯ ಪದ್ಧತಿಯನ್ನು ವಿವರಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಕೈ ಮುಚ್ಚಬಾರದು ಅನ್ನೋದು ನಮ್ಮಲ್ಲಿ ಆಗ್ಲೇ ಇದೆ. ಕೂಗೋದು ಹೊಸದು. ಚೆನ್ನಾಗಿದೆ, ಮಾಡೋಣ." ಅದನ್ನು ಫೈಲಿನಲ್ಲಿ ಬರೆದುಕೊಂಡು, "ನನ್ನ ಕಡೆಯಿಂದ ಒಂದು ಸೇರಿಸ್ಲಾ? ನಿಮ್ಮ ಬಲಗೈ ನಿಮಗೇ ಬಿಟ್ಟುಕೊಡ್ತೀನಿ" ಎಂದರು.

ನನಗೆ ಅರ್ಥವಾಗಲಿಲ್ಲ.

"ಸ್ನಾಯು ಸಡಿಲ ಮಾಡೋ ಮದ್ದು ಕೊಡೋವಾಗೆಲ್ಲ ಬಲ ಮೊಣಕೈ ಕೆಳಗೆ ಸ್ವಲ್ಪ ಹೊತ್ತು ಪಟ್ಟಿ ಬಿಗೀತೀನಿ. ಆ ಮದ್ದು ಕೈಗೆ ಇಳಿಯಲ್ಲ. ಮೈಯೆಲ್ಲ ಮಲಗಿದ್ರೂ ಆ ಕೈಗೆ ಬಲ ಇರುತ್ತೆ. ಹಣೆ ಮೇಲೊಂದು ಪಟ್ಟಿ ಹಾಕಿ ನಿದ್ದೆ ಎಷ್ಟು ಆಳ ಅಂತ ನೋಡ್ತಾನೂ ಇರ್ತೀವಿ. ಆದ್ರೂ ನಿಮಗೆ ಎಚ್ಚರ ಆದ್ರೆ ಕೈ ಹಿಸುಕಿ. ನಾನು ಹಿಡ್ಕೊಂಡಿರ್ತೀನಿ, ನಾನು ಇಲ್ಲದಾಗ ನನ್ನ ಸಹಾಯಕ ಹಿಡ್ಕೊಂಡಿರ್ತಾನೆ. ಸೂಜಿ ಕೈಕೊಟ್ರೆ ಗ್ಯಾಸ್ ಪಕ್ಕದಲ್ಲೇ ತಯಾರಿರುತ್ತೆ."

"ನಾನು ಹಿಸುಕಿದ್ರೆ ನೀವು ನಂಬ್ತೀರಾ?"

"ನಂಬ್ತೀನಿ."

ಕಾಗದಕ್ಕೆ ನಾನೇ ಸಹಿ ಹಾಕಿದೆ. ನನ್ನ ಮೈ, ನನ್ನ ಸಹಿ.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಸರ್ಜನ್ ವಾರ್ಡಿಗೆ ಬಂದರು. ಮುಖ ಗಂಟು ಹಾಕಿಕೊಂಡಿದ್ದರು. "ಏನಮ್ಮಾ ಇದು? ಒಳಗೆ ಹತ್ತು ನಿಮಿಷಕ್ಕೊಂದ್ಸಲ ಕೂಗಾಡಿದ್ರೆ ನನ್ನ ಗಮನ ಎಲ್ಲಿರುತ್ತೆ?"

"ಸಾರ್, ನನ್ನ ಕೈಕೆಳಗೆ ಹದಿನೆಂಟು ಜನ ಬ್ಲೇಡ್ ಓಡಿಸ್ತಾರೆ. ಕೂಗಿದ್ದಕ್ಕೆ ಯಾರ ಗಮನಾನೂ ತಪ್ಪಿಲ್ಲ. ಕೂಗದೇ ಇದ್ದಾಗ ತಪ್ಪಿದೆ."

"ಇದು ಬಟ್ಟೆ ಅಲ್ಲಮ್ಮ."

"ಅದಕ್ಕೇ ಸಾರ್ ಹೇಳ್ತಿರೋದು. ಬಟ್ಟೆಗೇ ಇಷ್ಟು ಮಾಡ್ತೀವಿ."

ಸರ್ಜನ್ ಸಹಾಯಕ್ಕಾಗಿ ಯಜಮಾನರ ಮುಖ ನೋಡಿದರು. "ನನ್ನ ಕೇಳ್ಬೇಡಿ ಸಾರ್" ಎಂದರು ಅವರು. "ಮೂವತ್ತು ವರ್ಷ ಬರೀ ಹಾರ್ನ್ ನಡುವೆ ಬದುಕಿದೋನು. ನನಗೆ ಕೂಗಿದ್ರೇ ಗಮನ." ಜಪ್ಪಯ್ಯ ಎಂದರೂ ನಾನು ಬಿಡುವವಳಲ್ಲ ಎಂದು ಸರ್ಜನ್‌ಗೆ ಗೊತ್ತಾಗಿರಬೇಕು. ಮೆಲ್ಲಗೆ ಕೂಗಲಿ ಎಂದು ಒಪ್ಪಿ ಹೋದರು.

ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದೊಯ್ದರು. ತಳ್ಳುಗಾಡಿಯ ಜೊತೆ ಬಾಗಿಲ ತನಕ ಬಂದ ಯಜಮಾನರು ಏನೋ ಜೋಕು ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಬಾಗಿಲು ಮುಚ್ಚಿತು. ಥಿಯೇಟರ್ ಒಳಗೆ ಚಳಿ ಕೊರೆಯುತ್ತಿತ್ತು. ಎದೆ ಡವಡವ ಎನ್ನುವುದು ಯಂತ್ರದಲ್ಲೂ ಟಿಕ್ ಟಿಕ್ ಎಂದು ಕೇಳಿಸಿ ನಾಚಿಕೆಯಾಯಿತು. ಎಡಗೈಗೆ ಸೂಜಿ ಹೋಯಿತು. ನಾನು ಮುಖ ತಿರುಗಿಸಲಿಲ್ಲ, ಅದು ಒಳಗೆ ಹೋಗುವುದನ್ನು ನೋಡಿದೆ. ಡಾಕ್ಟರಮ್ಮ ನನ್ನ ಬಲಗೈ ಹಿಡಿದುಕೊಂಡು, "ಎಡಗೈ?" ಎಂದು ಕೂಗಿದರು. "ಊತ ಇಲ್ಲ, ಬಿಗಿ ಇಲ್ಲ, ಮದ್ದು ಹೋಗ್ತಿದೆ, ನೋಡಿದೆ!" ಎಂದಿತು ಒಂದು ಗಂಡು ದನಿ. ಆಮೇಲೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ಮಗಳ ಮುಖ ಕಾಣಿಸಿತು. "ಮುಗೀತಮ್ಮ." ನಡುವೆ ನಾಲ್ಕು ತಾಸು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಹೊಟ್ಟೆ ಉರಿಯುತ್ತಿತ್ತು, ಬಾಯಿ ಒಣಗಿತ್ತು. ವಾಂತಿ ಬರಲಿಲ್ಲ. ಗಡ್ಡೆ ಪೂರ್ತಿ ತೆಗೆದಿದ್ದೇವೆ, ಉಳಿದದ್ದು ಪರೀಕ್ಷೆಯ ವರದಿ ಬಂದ ಮೇಲೆ ಎಂದು ಸರ್ಜನ್ ಹೇಳಿ ಹೋದರಂತೆ.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಡಾಕ್ಟರಮ್ಮ ಬಂದು ಮಂಚದ ಪಕ್ಕ ಕೂತರು. ಯಜಮಾನರು ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದರು.

"ಒಳಗೆ ನಡೆದದ್ದು ಏನಾದ್ರೂ ನೆನಪಿದೆಯಾ?"

"ಏನೂ ಇಲ್ಲ."

"ಯಾವುದಾದ್ರೂ ಮಾತು? ಯಾರಾದ್ರೂ ನಿಮ್ಮನ್ನ ಕೂಗಿದ್ದು?"

"ಇಲ್ಲ ಡಾಕ್ಟರಮ್ಮ. ಯಾಕೆ?"

"ನಿಮಗೆ ಹೇಳದೆ ಇರೋದು ಸರಿ ಅಲ್ಲ, ಅದಕ್ಕೇ ಬಂದೆ. ಎರಡನೇ ತಾಸು ನಡೀತಿತ್ತು. ಎಡಗೈ ಸರಿಯಾಗಿತ್ತು, ಕೂಗು ಸರಿಯಾಗಿತ್ತು, ಹಣೆ ಪಟ್ಟಿಯ ಅಂಕಿನೂ ಚೆನ್ನಾಗೇ ಇತ್ತು. ಆದ್ರೆ ನಿಮ್ಮ ಬಲಗೈ ನನ್ನ ಕೈಯೊಳಗೆ ಅಲ್ಲಾಡ್ತು. ಸುಮ್ಮನೆ ಅಲ್ಲಾಡಿದ್ದೂ ಇರಬಹುದು ಅಂತ ನಿಮ್ಮ ಕಿವಿ ಹತ್ರ ಬಗ್ಗಿ, 'ನನ್ನ ಮಾತು ಕೇಳಿಸ್ತಿದ್ರೆ ಎರಡು ಸಲ ಹಿಸುಕಿ' ಅಂದೆ. ಎರಡು ಸಲ ಹಿಸುಕಿದ್ರಿ."

ನಾನು ಹೊದಿಕೆಯ ಮೇಲಿದ್ದ ನನ್ನ ಬಲಗೈಯನ್ನೇ ನೋಡಿದೆ.

"ತಕ್ಷಣ ಮದ್ದು ಹೆಚ್ಚು ಮಾಡ್ದೆ. ನಿಮಿಷದೊಳಗೆ ಮತ್ತೆ ಕೇಳ್ದೆ, ಉತ್ತರ ಬರ್ಲಿಲ್ಲ. ನಿದ್ದೆ ಹೋಗಿದ್ರಿ. ಕೆಲವರಿಗೆ ನಾವು ಲೆಕ್ಕ ಹಾಕಿದ ಮದ್ದು ಸಾಲಲ್ಲ. ನೀವು ಅಂಥೋರು. ಇದನ್ನ ನಿಮ್ಮ ಫೈಲಲ್ಲಿ ಬರೆದಿದೀನಿ. ಇನ್ನು ಮುಂದೆ ಯಾರೂ ನಿಮ್ಮ ಮಾತನ್ನ ಕನಸು ಅನ್ನೋ ಹಾಗಿಲ್ಲ."

ಅವರು ಎದ್ದು, ನನ್ನ ನಾಡಿ ನೋಡಿ, ಹೋದರು. ಹಿಡಿದ ಹಠ ಬಿಡದಿದ್ದದ್ದು ಒಳ್ಳೆಯದಾಯಿತು ಎಂದು ಮಲಗಿದ್ದಲ್ಲೇ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಷ್ಟು ಖುಷಿ, ಅಷ್ಟೇ ನಡುಕ.

ಯಜಮಾನರ ಪೇಪರ್ ಯಾವಾಗಲೋ ನೆಲಕ್ಕೆ ಬಿದ್ದಿತ್ತು. ಅವರು ಬಂದು ಡಾಕ್ಟರಮ್ಮ ಕೂತಿದ್ದ ಸ್ಟೂಲಿನ ಮೇಲೆ ಕೂತರು. ತುಂಬಾ ಹೊತ್ತು ಹೊದಿಕೆಯ ಅಂಚನ್ನು ಸರಿಮಾಡುತ್ತಿದ್ದರು. ಅದು ಸರಿಯಾಗಿಯೇ ಇತ್ತು.

"ಆಗ..." ಎಂದರು. "ಆ ಸಲ ಎಷ್ಟು ಹೊತ್ತು ಎಚ್ಚರ ಇತ್ತು ನಿನಗೆ?"

"ಹೊಲಿಗೆ ಹಾಕೋ ತನಕ."

ಅವರ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಅವರ ಮುಖದಲ್ಲಿ ಹೊಸದೇನೂ ಉಳಿದಿಲ್ಲ ಎಂದುಕೊಂಡಿದ್ದೆ. ಈ ಮುಖವನ್ನು ನಾನು ನೋಡಿರಲಿಲ್ಲ.

"ನೋವಾಗಿತ್ತಾ ಕಣೆ?"

ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ, ಹೆತ್ತ ತಾಯಿಯೂ ಕೇಳಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ, ಬೈಗುಳ ಒಂದೂ ಬರಲಿಲ್ಲ.

"ಆಗಿತ್ತು ರೀ" ಎಂದೆ. "ತುಂಬಾ ನೋವಾಗಿತ್ತು."

ಅವರು ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಹರಿಯಲು ಬಿಟ್ಟರು. "ಹೇಳು" ಎಂದರು. "ಮೊದಲಿಂದ ಹೇಳು. ನಾನು ಕೇಳ್ತೀನಿ."

ನಾನು ಹೇಳತೊಡಗಿದೆ. ಹೊಲಿಗೆ ಎಳೆಯುತ್ತಿತ್ತು, ನಡುನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಬೇಕಾಗುತ್ತಿತ್ತು. ನಾನು ನಿಲ್ಲಿಸಿದಾಗೆಲ್ಲ ಅವರೂ ಸುಮ್ಮನೆ ಕಾದರು. ಅರ್ಧಕ್ಕೆ ಬಂದಿದ್ದೆನೇನೋ, ಸಿಸ್ಟರ್ ಟ್ರೇ ಹಿಡಿದು ಒಳಗೆ ಬಂದು, ಡ್ರಿಪ್ ಬದಲಾಯಿಸಬೇಕು, ಸ್ವಲ್ಪ ಹೊರಗಿರಿ ಎಂದರು.

ಯಜಮಾನರು ಸ್ಟೂಲಿನಿಂದ ಏಳಲಿಲ್ಲ. "ಎರಡು ನಿಮಿಷ ತಡೀರಿ ಸಿಸ್ಟರ್" ಎಂದರು. "ಇವಳು ಮಾತಾಡ್ತಿದ್ದಾಳೆ."